ಅರಿಶಿಣದ ಕಲೆ ಸೋಪಿಗೆ ಯಾಕೆ ಕೆಂಪಾಗ್ತತೆ

ಕೇಳುಗರಿಗೆಲ್ಲ ನಮಸ್ಕಾರ ರೀ. ಮದುವೆ ಊಟದಾಗೆ ಬಿಳಿ ಅಂಗಿ ಮೇಲೆ ಸಾರು ಚೆಲ್ಲಿಕೊಂಡು, ಮನೆಗೆ ಬಂದು ಅದಕ್ಕೆ ಸೋಪು ತಿಕ್ಕಿದ್ರೆ ಹಳದಿ ಕಲೆ ಇದ್ದಕ್ಕಿದ್ದಂಗೆ ಕೆಂಪಾಗಿ ಬಿಡ್ತತಲ್ಲ, ನೋಡಿರ್ತೀರಿ. ಅಯ್ಯೋ ಅಂಗಿ ಹಾಳಾತು ಅಂತ ಗಾಬರಿ ಆಗ್ತೀವಿ. ಗಾಬರಿ ಬೇಡ, ಸೋಪಿನಾಗೆ ಕ್ಷಾರ, ಅಂದ್ರೆ ಹುಳಿಗೆ ವಿರುದ್ಧ ಗುಣದ್ದು, ಐತೆ ಅಂತ ಅರಿಶಿಣ ನಿಮಗೆ ಹೇಳ್ತಾ ಐತೆ ಅಷ್ಟೆ. ನೀರಲ್ಲಿ ಜಾಲಾಡಿದ್ರೆ ಮತ್ತೆ ಹಳದಿ ಆಗ್ತತೆ, ಬಿಸಿಲಿಗೆ ಹಾಕಿದ್ರೆ ಆ ಹಳದಿನೂ ಮಾಸ್ತತೆ. ಮದುಮಕ್ಕಳು ಹೊಸ್ತಿಲು ದಾಟೋ ಮುಂಚೆ ಎತ್ತೋ ಆರತಿ ನೀರು ನೆನಪು ಮಾಡ್ಕೊಳ್ರಿ, ಅರಿಶಿಣದ ನೀರಿಗೆ ಚಿಟಿಕೆ ಸುಣ್ಣ ಬಿದ್ದ ತಕ್ಷಣ ಕೆಂಪು. ಕಾಲೇಜ್ ಲ್ಯಾಬಿನಾಗೆ ಹುಡುಗರು ಹುಳಿನೋ ಕ್ಷಾರನೋ ತೋರಿಸೋ ಲಿಟ್ಮಸ್ ಕಾಗದ ಇಟ್ಕೊಂಡು ಮಾಡೋ ಕೆಲಸಾನ ನಮ್ಮ ಅಜ್ಜಿಯರು ತಟ್ಟೆಯಾಗೆ ಮಾಡ್ತಿದ್ರು.

ಇವತ್ತು ಈ ಕ್ಷಾರದ ಬಗ್ಗೇನೆ ಮಾತಾಡಾಣ ಅಂತ ಬಂದೀನಿ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತು ಬಿಡೋ ಪದ ಅಂತ ಎಲ್ರೂ ತಿಳ್ಕೊಂಡಾರೆ, ನನಗೆ ಅದೇ ಬೇಜಾರು. ಯಾಕಂದ್ರೆ ದಿನಕ್ಕೆ ಹತ್ತು ಸಲ ನಾವು ಖಾರ ಅಂತೀವಲ್ಲ, ಆ ಪದ ಹುಟ್ಟಿದ್ದೇ ಕ್ಷಾರದಿಂದ. ದಾವಣಗೆರೆಯೋರಿಗೆ ಖಾರ ಅಂದ್ರೆ ಮಂಡಕ್ಕಿ, ಮೆಣಸಿನಕಾಯಿ ನೆನಪಾಗ್ತತೆ. ಆದ್ರೆ ಮೆಣಸಿನಕಾಯಿ ಉರಿಗೂ ರಸಾಯನಶಾಸ್ತ್ರದ ಕ್ಷಾರಕ್ಕೂ ಸಂಬಂಧ ಇಲ್ಲ, ನಾಲಿಗೆ ಚುರ್ ಅನ್ನೋದಕ್ಕೆಲ್ಲ ಜನ ಅದೇ ಹೆಸರು ಇಟ್ಟುಕೊಂಡ್ರು. ಹಳೇ ಅರ್ಥ ಮಾತ್ರ ಒಂದು ಕಡೆ ಹಂಗೇ ಉಳಿದೈತೆ. ಕಿರಾಣಿ ಅಂಗಡಿಗೆ ಹೋಗಿ ಹಪ್ಪಳದ ಖಾರ ಕೊಡ್ರಿ ಅಂದ್ರೆ ಮೆಣಸಿನಪುಡಿ ಕೊಡಲ್ಲ, ಬಿಳೀ ಉಪ್ಪಿನಂಥದ್ದು ಕೊಡ್ತಾರೆ. ಅದು ಸೋಡಾದ ಜಾತಿ, ನಿಜವಾದ ಕ್ಷಾರ!

ಮೂಲ ಕ್ಷಾರ ಬೂದಿಯಿಂದ ಬಂದದ್ದು. ಆಯುರ್ವೇದದೋರು ಉತ್ತರಾಣಿ ಗಿಡ ಸುಟ್ಟು, ಬೂದಿನ ನೀರಲ್ಲಿ ಕದಡಿ, ಸೋಸಿ, ಆ ನೀರು ಇಂಗೋವರೆಗೂ ಕಾಯಿಸಿ ಕ್ಷಾರ ತೆಗೀತಾರೆ, ಅದನ್ನ ದಾರಕ್ಕೆ ಹಚ್ಚಿ ಭಗಂದರಕ್ಕೆ, ಅಂದ್ರೆ ಗುದದ ಹತ್ರ ಆಗೋ ಕೀವಿನ ನಾಳಕ್ಕೆ, ಕಟ್ಟೋ ಕ್ಷಾರಸೂತ್ರ ಇವತ್ತಿಗೂ ನಡೀತಾ ಐತೆ. ಅರಬ್ಬಿಯೋರೂ ಉಪ್ಪು ನೆಲದ ಗಿಡದ ಬೂದಿಗೇ ಅಲ್ ಕಲಿ ಅಂದ್ರು, ಆಲ್ಕಲಿ ಅನ್ನೋ ಪದ ಬಂದದ್ದು ಅಲ್ಲಿಂದ. 1807ರಲ್ಲಿ ಹಂಫ್ರಿ ಡೇವಿ ಅನ್ನೋ ವಿಜ್ಞಾನಿ ಕಾಸ್ಟಿಕ್ ಪೊಟ್ಯಾಶ್ ಅನ್ನೋ ಜೋರು ಕ್ಷಾರ ಕರಗಿಸಿ ಕರೆಂಟ್ ಹಾಯಿಸಿ ಪೊಟ್ಯಾಸಿಯಂ ಲೋಹ ತೆಗೆದ. ಅದಕ್ಕೆ 'ಕೆ' ಅನ್ನೋ ಗುರುತು ಯಾಕೆ ಅಂತ ಮಕ್ಕಳು ಕೇಳ್ತಿರ್ತಾರೆ, ಕಾಲಿಯಂ ಅಂತ ಇನ್ನೊಂದು ಹೆಸರು ಐತೆ, ಅದೂ ಇದೇ ಕಲಿ. ನಮ್ಮವ್ವ ಒಲೆ ಬೂದಿ ಹಾಕಿ ಜಿಡ್ಡಿನ ಪಾತ್ರೆ ತಿಕ್ಕುವಾಗ ಬೂದಿಯಾಗಿನ ಪೊಟ್ಯಾಸಿಯಂ ಕಾರ್ಬೊನೇಟು ಅನ್ನೋ ಕ್ಷಾರ ಎಣ್ಣೆ ಜತೆ ಸೇರಿ ಅಲ್ಲೇ ಒಂಚೂರು ಸೋಪು ಆಗ್ತಿತ್ತು.

ಕ್ಷಾರ ಎಷ್ಟು ಜೋರು ಅಂತ ಅಳೆಯೋಕೆ ಪಿಎಚ್ ಅಂತ ಒಂದು ಲೆಕ್ಕ ಐತೆ, 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಹಾಕಿದ್ದು. 7 ಅಂದ್ರೆ ಹುಳಿನೂ ಅಲ್ಲ ಕ್ಷಾರನೂ ಅಲ್ಲ, ಅಲ್ಲಿಂದ ಒಂದೊಂದು ಮೆಟ್ಟಿಲು ಏರಿದಂಗೂ ಕ್ಷಾರ ಹತ್ತು ಪಟ್ಟು. ಅಡುಗೆ ಸೋಡಾ ಕಲಸಿದ ನೀರು ಸುಮಾರು 8, ಬಟ್ಟೆ ಸೋಡಾ 11, ಸುಣ್ಣದ ತಿಳಿ 12ರ ಮೇಲೆ. ಅಂದ್ರೆ ಅಡುಗೆ ಸೋಡಾಕ್ಕಿಂತ ಸುಣ್ಣ ಹತ್ತು ಸಾವಿರ ಪಟ್ಟು, ಈ ಮಾತು ನೆನಪಿಟ್ಕೊಳ್ರಿ, ಆಮೇಲೆ ಬೇಕಾಗ್ತತೆ.

ಮಿರ್ಚಿ ಹಿಟ್ಟಿಗೆ ಸೋಡಾ ಹಾಕ್ತೀವಲ್ಲ, ಕಾದ ಎಣ್ಣೆಗೆ ಬಿದ್ದಾಗ ಗಾಳಿ ಬಿಟ್ಟು ಹಿಟ್ಟು ಉಬ್ಬಿಸ್ತತೆ, ಹಿಂದೆ ಉಳಿಯೋದು ಬಟ್ಟೆ ಸೋಡಾನೇ. ಚಿಟಿಕೆ ಇದ್ರೆ ಗೊತ್ತಾಗಲ್ಲ, ಕೈ ಜಾಸ್ತಿ ಆದ್ರೆ ಬಜ್ಜಿ ಕೆಂಪಗಾಗಿ ಸೋಪು ಕಡಿದಂಗೆ ಇರ್ತತೆ.

ಇನ್ನು ಹೊಲದ ಮಾತು. ಭದ್ರಾ ಕಾಲುವೆ ನೀರಿಗೆ ಭತ್ತ ಬೆಳೆಯೋ ರೈತರಿಗೆ ಚೌಳು ಅಂದ್ರೆ ಬಿಡಿಸಿ ಹೇಳೋದು ಬೇಕಾಗಿಲ್ಲ. ನೀರು ನಿಂತು ನಿಂತು, ಒಳಗಿನ ಉಪ್ಪು ಮೇಲಕ್ಕೆ ಬಂದು, ಸೋಡಿಯಂ ಜಾಸ್ತಿ ಆದ್ರೆ ಮಣ್ಣಿನ ಪಿಎಚ್ ಎಂಟೂವರೆ ದಾಟ್ತತೆ, ಮಣ್ಣಿನ ಕಣ ಬಿಡಿಬಿಡಿಯಾಗಿ ಸಂದಿ ಮುಚ್ಚಿಕೊಂಡು ನೀರೇ ಇಂಗಲ್ಲ, ಒಣಗಿದ್ರೆ ಕಲ್ಲು. ಅದೇ ಚೌಳು ಮಣ್ಣಲ್ಲೇ ಹಿಂದೆ ಬಟ್ಟೆ ಒಗೀತಿದ್ರು, ಅಂದ್ರೆ ಯೋಚನೆ ಮಾಡ್ರಿ ಬೇರಿನ ಪಾಡೇನು ಅಂತ. ಅದಕ್ಕೆ ಸುಣ್ಣ ಹಾಕಬ್ಯಾಡ್ರಿ, ಸುಣ್ಣ ಹುಳಿ ಮಣ್ಣಿಗೆ. ಚೌಳಿಗೆ ಜಿಪ್ಸಮ್ ಹಾಕಬೇಕು, ಅದರ ಕ್ಯಾಲ್ಸಿಯಂ ಬಂದು ಸೋಡಿಯಂನ ಎಬ್ಬಿಸ್ತತೆ, ಎಬ್ಬಿಸಿದ್ದು ಹರಿದು ಹೋಗೋಕೆ ಬಸಿಗಾಲುವೆನೂ ಬೇಕು, ಕಾಲುವೆ ಇಲ್ದೆ ಬರೀ ಜಿಪ್ಸಮ್ ಸುರಿದ್ರೆ ದುಡ್ಡು ದಂಡ. ಎಷ್ಟು ಹಾಕಬೇಕು ಅಂತ ಮಣ್ಣು ಪರೀಕ್ಷೆ ಮಾಡಿಸಿಯೇ ಹಾಕ್ರಿ.

ಕಡೇದಾಗಿ ಸುಣ್ಣ, ಅಡುಗೆ ಸೋಡಾಕ್ಕಿಂತ ಹತ್ತು ಸಾವಿರ ಪಟ್ಟು ಅಂದಿದ್ನಲ್ಲ, ಅದೇ. ಆ್ಯಸಿಡ್ ಅಂದ್ರೆ ಹೆದರ್ತೀವಿ, ಎಲೆ ಅಡಿಕೆ ಸುಣ್ಣಕ್ಕೆ ಯಾರೂ ಹೆದರಲ್ಲ. ಕಣ್ಣಿಗೆ ಕ್ಷಾರ ಬಿದ್ರೆ ಆ್ಯಸಿಡ್‌ಗಿಂತ ಆಳಕ್ಕೆ ಇಳೀತತೆ, ಕರಗಿಸ್ಕೊಂಡೇ ಒಳಗೆ ಹೋಗ್ತತೆ. ನಮ್ಮ ಬೀದಿಯಾಗೆ ನಾಲ್ಕು ವರ್ಷದ ಹುಡುಗ ಸುಣ್ಣದ ಪ್ಯಾಕೆಟ್ ಅಮುಕಿದಾಗ ಅದು ಒಡೆದು ಕಣ್ಣಿಗೇ ಚಿಮ್ಮಿತ್ತು. ಅವ್ರ ಅಜ್ಜಿ ಆಸ್ಪತ್ರೆ ಆಟೋ ಅಂತ ಕೂಗಾಡದೆ ಮೊದಲು ನಲ್ಲಿ ಕೆಳಗೆ ಹಿಡಿದ್ಲು, ಅವನು ಎಷ್ಟು ಚೀರಿದ್ರೂ ಬಿಡದೆ ರೆಪ್ಪೆ ಬಿಡಿಸಿ ಅರ್ಧ ತಾಸು ನೀರು ಬಿಟ್ಲು, ಹುಳಿ ಗಿಳಿ ಏನೂ ಹಾಕಲಿಲ್ಲ, ಆಮೇಲೆ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರು. ಡಾಕ್ಟ್ರು ನೋಡಿ, ಆ ನೀರೇ ಕಣ್ಣು ಉಳಿಸಿದ್ದು ಅಂದ್ರಂತೆ. ಈಗ ಅವನು ಐದನೇ ಕ್ಲಾಸು, ಕನ್ನಡಕನೂ ಇಲ್ಲ. ಅಜ್ಜಿ ಇನ್ನೂ ಎಲೆ ಅಡಿಕೆ ಬಿಟ್ಟಿಲ್ಲ, ಸುಣ್ಣದ ಡಬ್ಬಿ ಮಾತ್ರ ಅಟ್ಟದ ಮೇಲೆ ಇಟ್ಟಾಳೆ. ನಮಸ್ಕಾರ.