ಕೌದಿಗೆ ಅಂಚುಪಟ್ಟಿ ಹಾಕೋದು: ಕಷ್ಟ ಎಲ್ಲಾ ಮೂಲೆಯಲ್ಲೇ

(ಪರದೆಯಲ್ಲಿ: ಹಳೇ ಕೌದಿಯ ಪಿಸಿದ ಅಂಚು)

ಮಡಿಕೇರಿಯಿಂದ ಎಲ್ಲರಿಗೂ ನಮಸ್ಕಾರ. ಕೌದಿ ಮೊದಲು ಪಿಸಿಯೋದು ಇಲ್ಲೇ, ಅಂಚಲ್ಲಿ. ಚಳಿಗೆ ಮೇಲಕ್ಕೆಳೆದುಕೊಳ್ಳುವಾಗ ಕೈಗೆ ಸಿಗೋದೇ ಅದು. ಅದಕ್ಕೇ ಪಟ್ಟಿ ಎರಡು ಪದರದ್ದಿರಲಿ.

ಉತ್ತರ ಕನ್ನಡದ ಸಿದ್ದಿ ಹೆಂಗಸರಿಗೆ ಈ ತಾಪತ್ರಯವೇ ಇಲ್ಲ. ಅಂಚು ಮಡಚಿ, ಅಲ್ಲಿಂದಲೇ ಸುತ್ತ ಹೊಲೀತಾ ನಡುವಿಗೆ ಬರ್ತಾರೆ. ನಮ್ಮದು ಅಂಚು ತೆರೆದಿರೋ ಕೌದಿ, ಪಟ್ಟಿ ಬೇಕೇ ಬೇಕು.

60 ಇಂಚು ಅಗಲ, 90 ಇಂಚು ಉದ್ದ ಅಂದ್ರೆ ಸುತ್ತಳತೆ 300. ಮೇಲೆ 12 ಇಂಚು ಸೇರಿಸಿ. 44 ಇಂಚು ಪನ್ನದ, ಅಂದ್ರೆ ಅಷ್ಟು ಅಗಲದ, ಕಾಟನ್‌ನಲ್ಲಿ ಎರಡೂವರೆ ಇಂಚಿನ 8 ಪಟ್ಟಿ. ಮುಕ್ಕಾಲು ಮೀಟರ್ ತಗೊಳ್ಳಿ, ಒಗೆದ್ರೆ ಕುಗ್ಗುತ್ತೆ. ಒಗೆಯದೆ ಕತ್ತರಿ ಹಾಕಲೇಬೇಡಿ, ಕೆಂಪು ಬಣ್ಣ ಬಿಟ್ರೆ ಇಡೀ ಕೌದಿ ಹಾಳು. ನಮ್ಮ ಜುಲೈ ಮಳೇಲಿ ಬಟ್ಟೆ ಒಣಗೋ ಚೆಂದ ಗೊತ್ತಲ್ಲ! ತಣ್ಣಗಿದ್ರೆ ಇನ್ನೂ ಹಸಿ ಅಂತಲೇ ಲೆಕ್ಕ. ಹಾಗೇ ಹೊಲಿದ್ರೆ ಒಳಗೆ ಬೂಷ್ಟು.

ಕ್ರಾಸ್ ಕಟಿಂಗ್, ಅಂದ್ರೆ ಬಟ್ಟೆಯನ್ನ ಓರೆಯಾಗಿ ಕತ್ತರಿಸೋದು, ಬೇಡ್ವಾ ಅಂತ ಕೇಳ್ತೀರಿ. ದುಂಡಗಿನ ಅಂಚಿಗೆ ಬೇಕು, ನೇರ ಅಂಚಿಗೆ ಬೇಡ. ಬ್ಲೌಸಿಗೆ ಪೈಪಿಂಗ್ ಹಾಕಿ ರೂಢಿಯಾದವರು ಇಲ್ಲೂ ಸುಮ್ನೆ ಬಟ್ಟೆ ದಂಡ ಮಾಡ್ತಾರೆ.

ಪಟ್ಟಿಗಳನ್ನ ಓರೆಯಾಗಿ ಜೋಡಿಸಿ, ಗಂಟು ಗಂಟಾಗಲ್ಲ. ಉದ್ದಕ್ಕೆ ಅರ್ಧ ಮಡಚಿ ಇಸ್ತ್ರಿ ಹಾಕಿ. ಕೌದಿಯ ಮೇಲ್ಮೈಗೆ ತೆರೆದ ಬದಿ ಸಮ ಇಟ್ಟು, ಒಂದು ಬದಿಯ ನಡುವಿಂದ, ಪಟ್ಟಿಯ ಮೊದಲ 10 ಇಂಚು ಹೊಲಿಯದೆ ಹಾಗೇ ಬಿಟ್ಟು ಶುರು ಮಾಡಿ. ಹೊಲಿಗೆ ಕಾಲು ಇಂಚು ಒಳಗೆ.

(ಪರದೆಯಲ್ಲಿ: ಮೂಲೆ, ತೀರಾ ಹತ್ತಿರದಿಂದ)

ಮೂಲೆ ಬಂತು. ತುದಿವರೆಗೆ ಹೋಗಬೇಡಿ, ಕಾಲು ಇಂಚು ಇರುವಾಗಲೇ ನಿಲ್ಲಿಸಿ ದಾರ ಕತ್ತರಿಸಿ. ಪಟ್ಟಿಯನ್ನ ಮೇಲಕ್ಕೆ ಎತ್ತಿ ಮಡಚಿ, ಓರೆ ಗೆರೆ ಕಾಣಬೇಕು. ಆ ಗೆರೆ ಕದಲದಂತೆ ಬೆರಳಲ್ಲಿ ಒತ್ತಿಹಿಡಿದು, ಪಟ್ಟಿಯನ್ನ ಈಗ ಕೆಳಕ್ಕೆ ತನ್ನಿ. ಮೇಲಿನ ಮಡಿಕೆ ಕೌದಿ ಅಂಚಿಗೆ ಸರೀ ಕೂತಿರಬೇಕು. ಪಿನ್ ಚುಚ್ಚಿ, ತುದಿಯಿಂದಲೇ ಮತ್ತೆ ಹೊಲಿಗೆ. ಇಲ್ಲಿ ಅವಸರ ಮಾಡಿದ್ರೆ ಮೂಲೆ ಮೊಂಡಾಗುತ್ತೆ.

ಕೊನೆಗೆ ಎರಡು ತುದಿ ಎದುರಾದಾಗ ಪಟ್ಟಿಯ ಅಗಲದಷ್ಟೇ, ಎರಡೂವರೆ ಇಂಚು, ಒಂದರ ಮೇಲೊಂದು ಬರೋ ಹಾಗೆ ಕತ್ತರಿಸಿ, ಮಡಿಕೆ ಬಿಚ್ಚಿ ಓರೆಯಾಗಿ ಕೂಡಿಸಿ.

ಇನ್ನು ಪಟ್ಟಿಯನ್ನ ಹಿಂದಕ್ಕೆ ತಿರುಗಿಸಿ ಕೈಯಲ್ಲೇ ಹೆಮ್ಮಿಂಗ್. ಮಿಷನ್‌ನಲ್ಲಿ ಬೇಗ ಆಗುತ್ತೆ ನಿಜ, ಆದ್ರೆ ಹೊಲಿಗೆ ಕಾಣುತ್ತೆ, ನನಗಿಷ್ಟ ಇಲ್ಲ. ದಾರ ಪಟ್ಟಿಯ ಬಣ್ಣದ್ದೇ ಇರಲಿ. ಹಿಂದುಗಡೆ ಮೂಲೆಯ ಮಡಿಕೆಯನ್ನ ಮುಂದಿನದ್ದಕ್ಕೆ ವಿರುದ್ಧ ದಿಕ್ಕಿಗೆ ಹಾಕಿ, ದಪ್ಪ ಎರಡೂ ಕಡೆ ಹಂಚಿಹೋಗುತ್ತೆ. ಆ ಓರೆ ಮಡಿಕೆಗೂ ನಾಲ್ಕು ಟಾಕಾ ಹಾಕೋದು ಮರೀಬೇಡಿ.