ಚೀಟಿ ಹಿಡಿದು ಮನೆಗೆ ಹೋದ ಮಕ್ಕಳು

ಕೇಳುಗರಿಗೆ ನಮಸ್ಕಾರ.

ಹನ್ನೆರಡು ವರ್ಷದ ಒಬ್ಬ ಹುಡುಗ. ತಲೆಯ ತುಂಬ ಹುಣ್ಣು. ಶಾಲೆಗೆ ಹೋದಾಗಲೆಲ್ಲ ಟೀಚರ್ ವಾಪಸ್ ಕಳಿಸುತ್ತಾರೆ. ದೀಪದ ಕಂಬದ ಮೇಲಿನ ಬೀದಿಯ ಹೆಸರು ಓದಲೂ ಬರುವುದಿಲ್ಲವಲ್ಲ ಅಂತ ಅವನಿಗೆ ನಾಚಿಕೆ. ತಾಯಿ ಎಡಗೈಯಲ್ಲಿ ಅಳುವ ಕೂಸನ್ನು ಎತ್ತಿಕೊಂಡು, ಬಲಗೈಯಲ್ಲಿ ಕಟುಕರ ಬಟ್ಟೆ ಉಜ್ಜುತ್ತಿದ್ದಾಳೆ. ಹೊಟ್ಟೆಪಾಡು.

ಇದು ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್. 1890ರ ದಶಕ. ಯುರೋಪಿನಿಂದ ಬಂದ ಯಹೂದಿ, ಇಟಾಲಿಯನ್ ಬಡವರು ಐದಾರು ಅಂತಸ್ತಿನ ವಠಾರಗಳಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದ ಜಾಗ. ಅಲ್ಲೇ ಬಂದು ನೆಲೆಸಿದ್ದ ನರ್ಸ್ ಲಿಲಿಯನ್ ವಾಲ್ಡ್ ಈ ಹುಡುಗನನ್ನು ಕಂಡರು. ಆಸ್ಪತ್ರೆಯ ಮುಲಾಮನ್ನೇ ಸರಿಯಾಗಿ ಹಚ್ಚಿದರು. ಹುಣ್ಣು ಮಾಯಿತು. ಹುಡುಗ ಶಾಲೆ ಸೇರಿದ ಮರುದಿನ ಮಧ್ಯಾಹ್ನವೇ ಐದು ಅಂತಸ್ತು ಓಡಿ ಹತ್ತಿ, ಕಲಿತ ಪದಗಳನ್ನು ವಾಲ್ಡ್ ಅವರಿಗೆ ಒಪ್ಪಿಸಿದ!

1897ರಲ್ಲಿ ನಗರದ ಆರೋಗ್ಯ ಇಲಾಖೆ ಶಾಲೆಗಳಿಗೆ ಡಾಕ್ಟರುಗಳನ್ನು ಕಳಿಸತೊಡಗಿತು. ದಡಾರ, ಗಂಟಲಮಾರಿ, ನಾಯಿಕೆಮ್ಮು ಕಂಡರೆ ಮಗು ಮನೆಗೆ. 1902ರಲ್ಲಿ ತಪಾಸಣೆ ಇನ್ನೂ ಬಿಗಿಯಾಯಿತು. ಕಣ್ಣುಬೇನೆ, ಹುಳುಕಡ್ಡಿ, ಕಜ್ಜಿ, ಹೇನು ಇದ್ದರೂ ಹೊರಗೆ. ತರಗತಿಗಳು ಖಾಲಿಯಾದವು. ಕೈಯಲ್ಲಿ ಚೀಟಿ ಹಿಡಿದು ಮನೆಗೆ ಹೋದ ಮಗು ಏನಾಯಿತು ಅಂತ ಕೇಳುವವರಿರಲಿಲ್ಲ. ಚೀಟಿಯಲ್ಲಿ ಏನಿದೆ ಅಂತ ತಾಯಂದಿರಿಗೆ ಎಷ್ಟೋ ಸಲ ಗೊತ್ತೇ ಆಗುತ್ತಿರಲಿಲ್ಲ. ಸಂಜೆ ಅದೇ ಮಗು ವಠಾರದ ಮೆಟ್ಟಿಲ ಮೇಲೆ ಅದೇ ಗೆಳೆಯರ ಜೊತೆ ಆಡುತ್ತಿತ್ತು. ಹಾಗಾದರೆ ರೋಗ ತಡೆದದ್ದೆಲ್ಲಿ ಬಂತು? ಮಗುವಿನ ಓದು ಹೋಯಿತು, ಅಷ್ಟೇ ಅಲ್ವಾ? ಇದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಅಷ್ಟರಲ್ಲಿ ವಾಲ್ಡ್ ಬಡವರ ಮನೆಗಳಿಗೆ ಹೋಗುವ ನರ್ಸ್‌ಗಳ ಒಂದು ಗುಂಪು ಕಟ್ಟಿದ್ದರು. ಅವರು ನಗರಕ್ಕೆ ಒಂದು ದಾರಿ ಸೂಚಿಸಿದರು. ನಮ್ಮ ನರ್ಸ್ ಒಬ್ಬರನ್ನು ಒಂದು ತಿಂಗಳ ಮಟ್ಟಿಗೆ ಕೊಡುತ್ತೇವೆ, ನೋಡಿ ಅಂದರು. 1902ರ ಅಕ್ಟೋಬರಿನಲ್ಲಿ ಲೀನಾ ರೋಜರ್ಸ್ ಕೆಲಸಕ್ಕೆ ಇಳಿದರು. ನಾಲ್ಕು ಶಾಲೆ, ಸುಮಾರು 10,000 ಮಕ್ಕಳು, ಒಬ್ಬರೇ ನರ್ಸ್. ಗಾಯ, ಕಜ್ಜಿಗೆಲ್ಲ ಶಾಲೆಯಲ್ಲೇ ಮದ್ದು ಹಚ್ಚಿ ಮಗುವನ್ನು ತರಗತಿಗೆ ಕಳಿಸುವರು. ಮನೆಗೆ ಕಳಿಸಲೇಬೇಕಾದ ಮಗುವಿನ ವಿಳಾಸ ಬರೆದುಕೊಂಡು, ಶಾಲೆ ಬಿಟ್ಟ ಮೇಲೆ ಆ ಮೆಟ್ಟಿಲು ಹತ್ತುವರು. ಮದ್ದು ಹೇಗೆ ಹಚ್ಚಬೇಕು ಅಂತ ತಾಯಿಗೆ ತೋರಿಸುವರು. ತಾಯಂದಿರಿಗೆ ಮಕ್ಕಳ ಮೇಲೆ ಅಸಡ್ಡೆ ಅಂತ ದೂರುವವರು ಆಗಲೂ ಇದ್ದರು. ಅಸಡ್ಡೆ ಏನಲ್ಲ, ಅವರ ಬಾಗಿಲಿಗೆ ಯಾರೂ ಬಂದಿರಲಿಲ್ಲ.

ನಗರದ ಶಾಲೆಗಳಿಂದ ಮಕ್ಕಳನ್ನು ಹೊರಗೆ ಕಳಿಸಿದ ಲೆಕ್ಕ 1902ರ ಸೆಪ್ಟೆಂಬರಿನಲ್ಲಿ 10,567. ನರ್ಸ್‌ಗಳ ಸಂಖ್ಯೆ ಹೆಚ್ಚಿಸಿದ ಮೇಲೆ, ಮರುವರ್ಷ ಅದೇ ತಿಂಗಳಲ್ಲಿ 1,101.

ಒಂದು ತಿಂಗಳಿಗೆ ಅಂತ ಬಂದ ಲೀನಾ ರೋಜರ್ಸ್ ಅವರನ್ನು ನಗರ ವಾಪಸ್ ಕಳಿಸಲಿಲ್ಲ. ಶಾಲಾ ನರ್ಸ್‌ಗಳಿಗೆಲ್ಲ ಮುಖ್ಯಸ್ಥೆಯಾಗಿ ಮಾಡಿಕೊಂಡಿತು.

ನಮಸ್ಕಾರ.