ಎಐ ಬರೆದದ್ದಕ್ಕೆ ಉತ್ತರ ಹೇಳುವವರು ಯಾರು?

ಕೇಳುಗರೇ, ನಮಸ್ಕಾರ.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಜನರ ಕೈಗೆ ಬಂತು. ಕೇಳಿದ್ದಕ್ಕೆ ತಾನೇ ಬರೆದು ಉತ್ತರ ಕೊಡುವ ಎಐ, ಅಂದರೆ ಕೃತಕ ಬುದ್ಧಿಮತ್ತೆ, ಅದು. ದೊಡ್ಡ ಸಂಸ್ಥೆಗಳು ಸಮಿತಿ ಮಾಡಿ, ಬಳಕೆಯ ನಿಯಮಕ್ಕೆ ಕರಡು ಬರೆದು, ಸುತ್ತೋಲೆ ಹೊರಡಿಸುವಷ್ಟರಲ್ಲಿ ನೌಕರರು ಅದನ್ನು ಬಳಸಲು ಶುರು ಮಾಡಿಯಾಗಿತ್ತು. 2023ರಲ್ಲಿ ಸ್ಯಾಮ್‌ಸಂಗ್ ಕಂಪನಿಯ ಎಂಜಿನಿಯರ್‌ಗಳು ಒಳಗಿನ ಪ್ರೋಗ್ರಾಂ ಕೋಡನ್ನೇ ಅದಕ್ಕೆ ಹಾಕಿದ ಸುದ್ದಿ ಹೊರಬಿತ್ತು. ಅವರೇನೂ ಗುಟ್ಟು ಮಾರಲು ಹೋದವರಲ್ಲ. ದಿನದ ಕೆಲಸ ಬೇಗ ಮುಗಿಯಲಿ ಅಂತ ಮಾಡಿದ್ದು. ಆ ಮೇ ತಿಂಗಳಲ್ಲಿ ಕಂಪನಿ ತನ್ನ ಕಂಪ್ಯೂಟರ್, ಫೋನುಗಳಲ್ಲಿ ಇಂಥ ಎಐ ಬಳಸುವಂತಿಲ್ಲ ಎಂದು ಆದೇಶ ಮಾಡಿತು.

ನಿಷೇಧ ಹಾಕುವುದು ಸುಲಭ. ಆದರೆ ಜೇಬಿನಲ್ಲಿರುವ ಸ್ವಂತ ಫೋನನ್ನು ಏನು ಮಾಡುತ್ತೀರಿ? ನೀವು ಚಾಪೆ ಕೆಳಗೆ ತೂರಿದರೆ ಜನ ರಂಗೋಲಿ ಕೆಳಗೆ ತೂರುತ್ತಾರೆ. ಬಳಕೆ ನಿಲ್ಲುವುದಿಲ್ಲ, ಕಣ್ಣಿಗೆ ಬೀಳುವುದು ನಿಲ್ಲುತ್ತದೆ, ಅಷ್ಟೇ. ಅದಕ್ಕಿಂತ ಸಂಸ್ಥೆಯೇ ಒಂದು ಎಐಯನ್ನು ಕೊಂಡು ನೌಕರರಿಗೆ ಕೊಡುವುದು ಮೇಲು. ಹಾಕಿದ ಮಾಹಿತಿಯನ್ನು ಎಐಗೆ ಕಲಿಸಲು ಬಳಸಬಾರದು, ಇಷ್ಟು ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳಬಾರದು ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಬಹುದು. ಪುಕ್ಕಟೆ ಸಿಗುವ ಖಾತೆಯಲ್ಲಿ ಇಂಥ ಷರತ್ತು ಹಾಕಲು ನೌಕರನಿಗೆ ಆಗುತ್ತದಾ?

ಇನ್ನು ನಿಯಮದ ಮಾತು. ಬಹಳಷ್ಟು ಸಂಸ್ಥೆಗಳು ಮೊದಲು ಒಂದು ಪಟ್ಟಿ ಮಾಡುತ್ತವೆ. ಈ ಸಾಫ್ಟ್‌ವೇರ್ ಸರಿ, ಆ ಸಾಫ್ಟ್‌ವೇರ್ ಬೇಡ. ಆ ಪಟ್ಟಿ ಬೇಗ ಹಳತಾಗುತ್ತದೆ. ಹತ್ತು ವರ್ಷದಿಂದ ಬಳಸುತ್ತಿರುವ ಹಳೇ ಸಾಫ್ಟ್‌ವೇರೇ ಒಂದು ಅಪ್‌ಡೇಟ್ ಆದ ಮೇಲೆ ಮೂಲೆಯಲ್ಲಿ ಎಐ ಬಟನ್ ತೋರಿಸುತ್ತದೆ. ಅದಕ್ಕೆ ಯಾರ ಅನುಮತಿ? ಯಾರೂ ಕೇಳಿರಲಿಲ್ಲ. ನನ್ನ ಮಟ್ಟಿಗೆ ಪಟ್ಟಿ ಆಗಬೇಕಾದ್ದು ಕೆಲಸಗಳದ್ದು. ಒಂದೇ ಎಐ ಪತ್ರದ ಭಾಷೆ ತಿದ್ದಿದರೆ ತೊಂದರೆ ಕಡಿಮೆ. ಅದೇ ಎಐ ಉದ್ಯೋಗದ ಅರ್ಜಿಗಳಲ್ಲಿ ಯಾರನ್ನು ಕೈಬಿಡಬೇಕು ಎಂದು ಹೇಳಲು ಕೂತರೆ ಮಾತೇ ಬೇರೆ. 2024ರ ಆಗಸ್ಟ್ 1ರಂದು ಜಾರಿಗೆ ಬಂದ ಯುರೋಪ್ ಒಕ್ಕೂಟದ ಎಐ ಕಾನೂನು ಕೂಡ ಹೀಗೆ ಬಳಕೆ ನೋಡಿಯೇ ಅಪಾಯ ಅಳೆಯುತ್ತದೆ. ಅರ್ಜಿ ಸೋಸುವುದು ಅಲ್ಲಿ ಹೆಚ್ಚು ಅಪಾಯದ ಗುಂಪಿಗೆ ಸೇರಿದೆ. ಪೂರ್ತಿ ನಿಷೇಧಿಸಿದ ಕೆಲಸಕ್ಕೆ ಎಐ ಬಳಸಿದರೆ ದಂಡ 3.5 ಕೋಟಿ ಯೂರೋ ತನಕ, ಇಲ್ಲವೇ ಜಗತ್ತಿನಾದ್ಯಂತದ ವಾರ್ಷಿಕ ವಹಿವಾಟಿನ ಶೇಕಡಾ 7ರ ತನಕ. ದೊಡ್ಡ ಕಂಪನಿಗಳಿಗಾದರೆ ಎರಡರಲ್ಲಿ ಯಾವುದು ಜಾಸ್ತಿಯೋ ಅದು.

ಕೆಲಸಗಳ ಪಟ್ಟಿಯಲ್ಲಿ ಪ್ರತಿ ಸಾಲಿನ ಎದುರಿಗೂ ಒಬ್ಬರ ಹೆಸರು ಇರಬೇಕು. ಇಲಾಖೆಯ ಹೆಸರಲ್ಲ, ಸಮಿತಿಯ ಹೆಸರಲ್ಲ, ಒಬ್ಬ ಮನುಷ್ಯನ ಹೆಸರು. ಈ ಎಐ ತಪ್ಪು ಹೇಳಿದರೆ ಉತ್ತರ ಕೊಡುವವರು ಇವರು, ಬೇಡ ಅನ್ನಿಸಿದರೆ ನಿಲ್ಲಿಸುವ ಅಧಿಕಾರವೂ ಇವರದೇ. ಹೊಣೆ ಕೊಟ್ಟು ಅಧಿಕಾರ ಕೊಡದಿದ್ದರೆ ಅದು ಸುಮ್ನೆ ಬಲಿಪಶು ಹುಡುಕಿಟ್ಟುಕೊಂಡಂತೆ.

ಏರ್ ಕೆನಡಾ ವಿಮಾನ ಕಂಪನಿಯ ಪ್ರಕರಣವನ್ನು ಕೆಲವರು ಕೇಳಿರಬಹುದು. ಅಜ್ಜಿ ತೀರಿಕೊಂಡಾಗ ಪ್ರಯಾಣಿಕರೊಬ್ಬರು ಕಂಪನಿಯ ಜಾಲತಾಣದಲ್ಲಿ ಪ್ರಶ್ನೆಗೆ ತಾನೇ ಉತ್ತರ ಕೊಡುವ ಚಾಟ್‌ಬಾಟ್ ಪ್ರೋಗ್ರಾಂ ಬಳಿ ರಿಯಾಯಿತಿ ಬಗ್ಗೆ ವಿಚಾರಿಸಿದರು. ಈಗ ಟಿಕೆಟ್ ತಗೊಳ್ಳಿ, 90 ದಿನದ ಒಳಗೆ ಅರ್ಜಿ ಹಾಕಿದರೆ ಸಾಕು ಎಂದಿತು ಬಾಟ್. ಕಂಪನಿಯ ನಿಯಮ ಹಾಗಿರಲಿಲ್ಲ. ವ್ಯಾಜ್ಯ ನ್ಯಾಯಮಂಡಳಿಗೆ ಹೋಯಿತು. ಬಾಟ್ ಬೇರೆಯೇ ಒಂದು ಕಾನೂನು ವ್ಯಕ್ತಿ, ಅದರ ಮಾತಿಗೆ ಅದೇ ಹೊಣೆ ಅನ್ನುವ ಅರ್ಥ ಬರುವಂಥ ವಾದ ಮಂಡಿಸಿತು ಕಂಪನಿ! ನ್ಯಾಯಮಂಡಳಿ ಒಪ್ಪಲಿಲ್ಲ. ಜಾಲತಾಣ ನಿಮ್ಮದು, ಅದರಲ್ಲಿರುವ ಮಾತೂ ನಿಮ್ಮದೇ ಎಂದು 2024ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಕೊಡಬೇಕಾಗಿ ಬಂದ ಹಣ ಸುಮಾರು 812 ಕೆನಡಾ ಡಾಲರ್. ದುಡ್ಡು ದೊಡ್ಡದಲ್ಲ. ಅಂದಹಾಗೆ, ಆ ಮಾತುಕತೆ ನಡೆದದ್ದು ಚಾಟ್‌ಜಿಪಿಟಿ ಬರುವುದಕ್ಕೂ ಮೊದಲು. ಆ ಕಾಲದ ಬಾಟೇ ಇಷ್ಟು ಮಾಡಿತ್ತು. ಈಗಿನವು ಎಷ್ಟೋ ನಯವಾಗಿ ಮಾತಾಡುತ್ತವೆ, ತಪ್ಪನ್ನೂ ಅಷ್ಟೇ ನಯವಾಗಿ ಹೇಳುತ್ತವೆ.

ಹೆಸರು ಬರೆದ ಮೇಲೆ ಸಂಸ್ಥೆಗಳು ಇನ್ನೊಂದು ಭರವಸೆ ಕೊಡುತ್ತವೆ. ಎಐ ಬರೆದದ್ದನ್ನು ಮನುಷ್ಯರು ನೋಡಿಯೇ ಕಳಿಸುತ್ತಾರೆ, ಚಿಂತೆ ಬೇಡ ಅಂತ. ಆ ಮನುಷ್ಯರ ಮೇಜಿನ ಹತ್ತಿರ ಒಮ್ಮೆ ಹೋಗಿ ನೋಡಬೇಕು. ಪರದೆಯ ಎಡಕ್ಕೆ ಗ್ರಾಹಕರ ದೂರು, ಬಲಕ್ಕೆ ಎಐ ಬರೆದ ಉತ್ತರ, ಕೆಳಗೆ ಹಸಿರು ಬಟನ್. ಸರದಿಯಲ್ಲಿ ಇನ್ನೂ ನೂರಾರು ದೂರು. ಒಂದಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು ಎನ್ನುವ ಲೆಕ್ಕ ಮೇಲಿನವರಿಗೆ ಹೋಗುತ್ತಿರುತ್ತದೆ. ಬೆಳಿಗ್ಗೆ ಓದಿ ಒತ್ತುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಬರೀ ಒತ್ತುತ್ತಾರೆ. ಇದನ್ನು ಪತ್ತೆ ಮಾಡಲು ದೊಡ್ಡ ತಪಾಸಣೆ ಬೇಡ. ಮೂರು ತಿಂಗಳಲ್ಲಿ ಎಷ್ಟು ಉತ್ತರಗಳನ್ನು ತಿದ್ದಿದ್ದಾರೆ, ಎಷ್ಟನ್ನು ವಾಪಸ್ ಕಳಿಸಿದ್ದಾರೆ ಎಂದು ಕೇಳಿದರೆ ಸಾಕು. ಸೊನ್ನೆ ಅಂತ ಬಂದರೆ ಯಾರೂ ಓದುತ್ತಿಲ್ಲ ಅಂತಲೇ ಅರ್ಥ. ಆಗಾಗ ಬೇಕಂತಲೇ ಒಂದೆರಡು ತಪ್ಪು ಉತ್ತರ ಸೇರಿಸಿ, ಹಿಡಿಯುತ್ತಾರಾ ಅಂತ ನೋಡಬಹುದು. ಅವು ಗ್ರಾಹಕರಿಗೆ ಹೋಗದಂತೆ ತಡೆದಿಟ್ಟು ಮಾಡಬೇಕು, ಮತ್ತೆ!

ಓದುವುದು ಬಿಟ್ಟರೆ ಏನಾಗುತ್ತದೆ ಎನ್ನುವುದನ್ನು ನ್ಯೂಯಾರ್ಕಿನ ವಕೀಲರು ತೋರಿಸಿಕೊಟ್ಟರು. ಇಲ್ಲದ ತೀರ್ಪುಗಳನ್ನು ಎಐ ಹುಟ್ಟಿಸಿಕೊಟ್ಟಿತ್ತು, ಅವರು ಅವನ್ನೇ ಕೋರ್ಟಿಗೆ ಸಲ್ಲಿಸಿದ್ದರು. 2023ರ ಜೂನ್‌ನಲ್ಲಿ 5,000 ಡಾಲರ್ ದಂಡ ಬಿತ್ತು.

ಇನ್ನೊಂದು ವಿಷಯ, ಹೆಚ್ಚು ಜನ ಗಮನಿಸದ್ದು. ಅದು ಹಳೇ ಫೋಲ್ಡರುಗಳದ್ದು. ಸಂಸ್ಥೆಯ ಎಲ್ಲ ಕಡತಗಳನ್ನೂ ಓದಿ ಉತ್ತರ ಹೇಳುವ ಎಐ ಸಹಾಯಕ ಈಗ ಸಿಗುತ್ತದೆ. ಅದು ಕೇಳಿದವರಿಗೆ ನೋಡಲು ಅನುಮತಿ ಇರುವ ಕಡತವನ್ನು ಮಾತ್ರ ತೆರೆಯುತ್ತದೆ. ಸರಿಯಾಗಿಯೇ ಇದೆ ಅಲ್ವಾ? ಆದರೆ ಎಂದೋ ಯಾರೋ ಅವಸರದಲ್ಲಿ ಸಂಬಳದ ಪಟ್ಟಿ ಇರುವ ಫೋಲ್ಡರನ್ನು ಎಲ್ಲರಿಗೂ ತೆರೆದಿಟ್ಟಿರುತ್ತಾರೆ. ಅದು ಎಲ್ಲಿದೆ ಎಂದು ಯಾರಿಗೂ ಗೊತ್ತಿರದ ಕಾರಣಕ್ಕೆ ಇಷ್ಟು ದಿನ ಗುಟ್ಟಾಗಿತ್ತು. ಈಗ ಒಬ್ಬರು ನಮ್ಮ ವಿಭಾಗದಲ್ಲಿ ಯಾರಿಗೆ ಎಷ್ಟು ಸಂಬಳ ಎಂದು ಕೇಳುತ್ತಾರೆ, ಎಐ ಚೆಂದದ ಕೋಷ್ಟಕ ಮಾಡಿ ಕೊಡುತ್ತದೆ. ಅನುಮತಿಯ ಲೆಕ್ಕದಲ್ಲಿ ಯಾವ ನಿಯಮವೂ ಮುರಿದಿಲ್ಲ! ಹಾಗಾಗಿ ಇಂಥ ಸಹಾಯಕನನ್ನು ತರುವ ಮೊದಲು ಯಾರಿಗೆ ಯಾವ ಫೋಲ್ಡರು ತೆರೆದಿದೆ ಎಂದು ಒಮ್ಮೆ ನೋಡಿ ಸರಿಮಾಡಬೇಕು. ಬೇಸರದ ಕೆಲಸ, ಆದರೂ ಮಾಡಲೇಬೇಕು.

ಹೊರಗಿನಿಂದ ಬಂದ ಮೇಲ್ ಓದುವ ಎಐ ಇದ್ದರೆ ಮತ್ತೊಂದು ತಲೆನೋವು. ಮೇಲ್‌ನಲ್ಲೇ ಅಡಗಿಸಿಟ್ಟ ಸೂಚನೆಯನ್ನು ಅದು ತನಗೇ ಕೊಟ್ಟ ಅಪ್ಪಣೆ ಅಂದುಕೊಂಡು ಪಾಲಿಸಬಹುದು. ಇದಕ್ಕೆ ಪೂರ್ತಿ ಮದ್ದು ಇನ್ನೂ ಬಂದಿಲ್ಲ. ಓದುವ ಎಐಗೆ ಹಣ ಕಳಿಸುವ, ಕಡತ ಅಳಿಸುವ ಅಧಿಕಾರ ಕೊಡದಿರುವುದು ಸದ್ಯಕ್ಕೆ ಜಾಣತನ.

ಮಾರ್ಗದರ್ಶನಕ್ಕೆ ದಾಖಲೆಗಳು ಬೇಕಾದಷ್ಟಿವೆ. ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆಯಾದ ನಿಸ್ಟ್‌ನದು 2023ರ ಜನವರಿಯಲ್ಲಿ ಬಂತು. ಸಂಸ್ಥೆಗಳು ಎಐಯನ್ನು ಹೇಗೆ ನಿಭಾಯಿಸಬೇಕು ಎನ್ನುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 42001 ಅದೇ ವರ್ಷದ ಡಿಸೆಂಬರ್‌ನಲ್ಲಿ. ಓದಬೇಕಾದವೇ, ಆದರೆ ಗೋಡೆಗೆ ಪ್ರಮಾಣಪತ್ರ ತೂಗುಹಾಕಿದ ಮಾತ್ರಕ್ಕೆ ಫೋಲ್ಡರುಗಳು ತಾವಾಗಿ ಮುಚ್ಚಿಕೊಳ್ಳುವುದಿಲ್ಲ.

ತರಬೇತಿಯೂ ಹಾಗೇ. ಒಂದು ಗಂಟೆ ಸ್ಲೈಡ್ ತೋರಿಸಿ ಪರೀಕ್ಷೆ ಮಾಡಿದರೆ ಎಲ್ಲರೂ ಪಾಸಾಗುತ್ತಾರೆ. ಲೆಕ್ಕಪತ್ರದವರಿಗೆ ಅವರದೇ ಕೆಲಸದ ಎರಡು ಉತ್ತರ ಮುಂದಿಟ್ಟು, ಯಾವುದು ತಪ್ಪು ಹುಡುಕಿ ಅನ್ನಬೇಕು. ಜೊತೆಗೆ, ತಪ್ಪು ಕಡತ ಎಐಗೆ ಹಾಕಿಬಿಟ್ಟೆ ಎಂದು ನೌಕರ ತಾನೇ ಬಂದು ಹೇಳಿದಾಗ ಏನು ಮಾಡುತ್ತೀರಿ ಎನ್ನುವುದನ್ನು ಮೊದಲೇ ತೀರ್ಮಾನಿಸಿ, ಎಲ್ಲರಿಗೂ ತಿಳಿಸಿಡಿ. ಹೇಳಿದ ಮೊದಲನೆಯವನಿಗೆ ಕಾರಣ ಕೇಳಿ ನೋಟಿಸ್ ಹೋದರೆ ಎರಡನೆಯವನು ಬಾಯಿ ಬಿಡುವುದಿಲ್ಲ. ಅದೇ ದಿನ ಗೊತ್ತಾದರೆ ಪಾಸ್‌ವರ್ಡ್ ಬದಲಿಸಬಹುದು, ಹಾಕಿದ್ದನ್ನು ಅಳಿಸಿ ಎಂದು ಎಐ ಕಂಪನಿಯನ್ನು ಕೇಳಬಹುದು, ಯಾರ ಮಾಹಿತಿ ಹೋಯಿತೋ ಅವರಿಗೆ ತಿಳಿಸಬಹುದು. ಆರು ತಿಂಗಳಾದ ಮೇಲೆ ಗೊತ್ತಾದರೆ ಉಳಿಯುವುದು ವಕೀಲರಿಗೆ ಫೋನ್ ಮಾಡುವ ಕೆಲಸವೊಂದೇ.

ನಮಸ್ಕಾರ.